ಒಂದು ಮೊರ ತೌಡಿಗೆ ಬಂದ ಹೆಸರು

ಜೋಳ ಹಸನು ಮಾಡುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಒಂದು ಕಲ್ಲು ಆರಿಸಿದರೆ ಒಂದು ಸಲ ದೇವಿಯ ಹೆಸರು ಹೇಳುವುದು ಮೊದಲಿನಿಂದಲೂ ಬಂದ ರೂಢಿ. ರೇಶನ್ ಜೋಳದಲ್ಲಿ ಕಲ್ಲಿಗೆ ಕೊರತೆಯಿಲ್ಲದ್ದರಿಂದ ನನ್ನ ಪುಣ್ಯಕ್ಕೂ ಕೊರತೆಯಿಲ್ಲ ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ. ಎಮರ್ಜೆನ್ಸಿ ಮುಗಿದ ವರ್ಷ, ಒಂದು ಮಧ್ಯಾಹ್ನ, ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಮೊರ ಹಿಡಿದು ಬನಶಂಕರಿಯನ್ನು ನೆನೆಯುತ್ತ ಕೂತಿದ್ದೆ. ತಮ್ಮ ಬಸವರಾಜ ಬಂದು ಬಾಗಿಲಲ್ಲಿ ನಿಂತ. ಹಿಂದೆ ಎರಡು ಸಲ ಅವನು ಹೀಗೆಯೇ ಬಂದು ಚೌಕಟ್ಟು ಹಿಡಿದು ನಿಂತಿದ್ದ. ಎರಡು ಸಲವೂ ನಾನು ಕೇಳುವ ಮೊದಲೇ ತಿಳಿದುಕೊಂಡಿದ್ದೆ. ಅವನ ಹೆಂಡತಿ ಶಾರದಾಳ ಮೊದಲಿನ ಎರಡು ಕೂಸುಗಳು ತೊಟ್ಟಿಲು ಕಾಣಲಿಲ್ಲ. ಹೆಸರಿಡುವ ದಿನದವರೆಗೂ ಉಳಿಯದ್ದರಿಂದ ಅವುಗಳ ನೆನಪು ಬಂದರೆ ಏನೆಂದು ಕರೆಯಬೇಕೆನ್ನುವುದೂ ನಮಗೆ ತಿಳಿಯುವುದಿಲ್ಲ. ಆರಿಸಿದ ಕಲ್ಲು ನನ್ನ ಬೆರಳಿನಲ್ಲೇ ಉಳಿಯಿತು.

“ಅಕ್ಕಾ,” ಅಂದ ತಮ್ಮ. “ಅಳ್ಳಿಕ್ಕತ್ತದ. ಭಾಳ ಜೋರ ಅಳ್ಳಿಕ್ಕತ್ತದ.”

“ಯಾರು, ಶಾರದಾನ?”

“ಕೂಸು, ಅಕ್ಕಾ. ಹೆಣ್ಣು. ಇಡೀ ದವಾಖಾನಿ ಎಬ್ಬಿಸಿ ಕುಂದರಿಸ್ಯಾದಂತ, ನರ್ಸಬಾಯಿ ಬೈಲಿಕ್ಕತ್ತಾಳ.”

ನರ್ಸಬಾಯಿಯ ಬಾಯಿಗೆ ಸಕ್ಕರೆ ಬೀಳಲಿ ಅಂದುಕೊಂಡೆ. ಮೊರದಲ್ಲಿದ್ದ ಜೋಳವನ್ನು ಕಲ್ಲು ಕಾಳು ಬೆರೆತಂತೆಯೇ ಒಂದು ಡಬ್ಬಿಗೆ ಸುರುವಿ, ದೇವರ ಮುಂದೆ ದೀಪ ಹಚ್ಚಿ, ಸೀರೆ ಬದಲಿಸಿ ಹೊರಟೆ. ಹೊರಡುವಾಗ ಎದೆಯಲ್ಲಿ ಸಂತೋಷದ ಜೊತೆಗೆ ಒಂದು ಭಾರವೂ ಇತ್ತು. ಆ ಭಾರ ಏನೆಂದು ಹೇಳಬೇಕಾದರೆ ನನ್ನ ಹೆಸರಿನ ಕತೆಯನ್ನೇ ಹೇಳಬೇಕು. ಪುಣೆಯಲ್ಲಿ ಹದಿನಾಲ್ಕು ವರ್ಷ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಎಲ್ಲರಿಗೂ ನಾನು ಸುನಂದಾ. ಬಾಗಲಕೋಟೆ ಸೀಮೆಯ ನಮ್ಮೂರಿನಲ್ಲಿ ನಾನು ತಿಪ್ಪವ್ವ. ನನಗಿಂತ ಮೊದಲು ನಮ್ಮವ್ವನಿಗೆ ಮೂರು ಕೂಸು ಹುಟ್ಟಿ ಹೋಗಿದ್ದವು. ನಾಲ್ಕನೆಯವಳಾಗಿ ನಾನು ಹುಟ್ಟಿದಾಗ ನಮ್ಮಜ್ಜಿ ನನ್ನನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ಹಿತ್ತಲಿನ ತಿಪ್ಪೆಯ ಮೇಲೆ ಇಟ್ಟಳಂತೆ. ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು, ಹೆತ್ತ ಮಕ್ಕಳೆಲ್ಲ ಉಳಿದು ಕೈಗೂಡಿದವಳು, ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳಂತೆ. ಮಾರಿಹೋದ ಕೂಸು ಆ ಮನೆಯದಲ್ಲ, ತಿಪ್ಪೆಯ ಮೇಲಿನದರ ಮೇಲೆ ಯಮನಿಗೂ ಆಸೆಯಿಲ್ಲ ಎನ್ನುವುದು ನಮ್ಮೂರಿನವರ ನಂಬಿಕೆ. ನಾನು ಉಳಿದೆ. ನನ್ನ ಬೆನ್ನಿಗೆ ಬಂದ ಬಸವರಾಜನೂ ಉಳಿದ. ಆದ್ದರಿಂದ ಆ ಹೆಸರಿನ ಮೇಲೆ ನನಗೆ ನಂಬಿಕೆಯೂ ಇದೆ, ಋಣವೂ ಇದೆ.

ನಮ್ಮೂರಿನಲ್ಲಿ ಇಂಥ ಹೆಸರುಗಳಿಗೆ ಯಾರೂ ನಗುತ್ತಿರಲಿಲ್ಲ, ಏಕೆಂದರೆ ಮನೆಗೊಂದು ಇರುತ್ತಿತ್ತು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಕಲ್ಲಪ್ಪ ಎಂದು ಹೆಸರಿಡಿಸಿಕೊಂಡವನು ಯಾರ ಮನೆಯ ಮಗಳು ಗಂಡನ ಮನೆಗೆ ಹೊರಟರೂ ಅಗಸಿಯವರೆಗೆ ಅಳುತ್ತ ಹೋಗುತ್ತಿದ್ದ. ಹುಟ್ಟುತ್ತಲೇ ಅಡವಿಗೆ ಒಪ್ಪಿಸಿದ್ದೇವೆ ಎಂದು ಅಡಿವೆಪ್ಪ ಎಂದು ಕರೆಸಿಕೊಂಡವನು ಒಂದು ದಿನವೂ ಮನೆಯ ಕಟ್ಟೆ ಬಿಟ್ಟು ಇಳಿದವನಲ್ಲ. ಗಣಿತ ಕಲಿಸುತ್ತಿದ್ದ ಮಾಸ್ತರರ ಹೆಸರು ಹುಚ್ಚಪ್ಪ. ಸುತ್ತಿನ ಹತ್ತು ಹಳ್ಳಿಯಲ್ಲಿ ಅವರಷ್ಟು ಬುದ್ಧಿವಂತರಿರಲಿಲ್ಲ. ಹೆಣ್ಣು ಹುಟ್ಟಿದ್ದು ಇಷ್ಟಕ್ಕೆ ನಿಲ್ಲಲಿ ಎಂದು ಸಾಕವ್ವ ಎಂದು ಹೆಸರಿಟ್ಟ ಹುಡುಗಿಯ ಬೆನ್ನಿಗೆ ಮತ್ತೆ ಮೂವರು ತಂಗಿಯರು ಬಂದರು. ಹೆಸರು ಕೆಲಸ ಮಾಡಿದ್ದೂ ಉಂಟು, ಮಾಡದಿದ್ದದ್ದೂ ಉಂಟು. ನನ್ನದು ಮಾತ್ರ ಮಾಡಿತ್ತು.

ನನ್ನ ಮದುವೆಯ ಹೊತ್ತಿಗೆ ನಮ್ಮವರು ಆಗಲೇ ಪುಣೆಯಲ್ಲಿ ನೌಕರಿಗಿದ್ದರು. ಇಲ್ಲಿಯ ಮರಾಠಿ ಜನರಲ್ಲಿ ಮದುವೆಯ ದಿನ ಗಂಡ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುವ ಪದ್ಧತಿಯುಂಟು. ಅದನ್ನು ನೋಡಿಕೊಂಡು ಬಂದಿದ್ದ ಅವರು ನಮ್ಮ ಮದುವೆಯಲ್ಲೂ ತಾಟು ತರಿಸಿದರು. ಅಕ್ಕಿಯಲ್ಲಿ ಸುನಂದಾ ಎಂದು ಬರೆದರು. ಅದರ ಅರ್ಥ ಏನೆಂದು ನಾನು ಕೇಳಲಿಲ್ಲ. ತಿಪ್ಪೆ ಅಲ್ಲವೆಂದು ಗೊತ್ತಾದದ್ದೇ ಸಾಕಾಗಿತ್ತು. ಆ ದಿನ ನನಗಾದ ಸಂತೋಷ ದೇವಿಗೆ ಗೊತ್ತು. ಆಮೇಲೆ ಅದಕ್ಕಾಗಿ ತಪ್ಪುಗಾಣಿಕೆಯನ್ನೂ ಹಾಕಿದ್ದೇನೆ.

ಆದರೆ ಪುಣೆಯ ಹೆಂಗಸರು ಹೊಸಬರನ್ನು ಕಂಡರೆ ಎರಡನೆಯ ಮಾತಿಗೇ ಕೇಳುತ್ತಾರೆ: “ಮಾಹೇರಚಂ ನಾವ ಕಾಯ?” ತವರಿನ ಹೆಸರೇನು ಎಂದು. ಎಲ್ಲರಿಗೂ ಎರಡು ಹೆಸರಿರುವ ಊರು ಇದು. ಮೊದಲ ಸಲ ಮನೆಯ ಮಾಲಕಿ ಕಾಕೂ ಕೇಳಿದಾಗ ನನ್ನ ಬಾಯಿಂದ “ಲೀಲಾವತಿ” ಎಂದು ಬಂತು. ಆರು ತಿಂಗಳ ಮೇಲೆ ನಳದ ಹತ್ತಿರ ಹೆಂಗಸರು ಕೇಳಿದಾಗ, ಹಿಂದೆ ಹೇಳಿದ್ದು ಮರೆತು “ಪದ್ಮಾವತಿ” ಅಂದೆ. ಪ್ರತಿ ಮಂಗಳವಾರ ದೇವಿಯ ಮುಂದೆ ಕೂತು ಎರಡೂ ಸುಳ್ಳಿಗೆ ಬೇರೆಬೇರೆಯಾಗಿ ಕ್ಷಮೆ ಕೇಳುತ್ತಿದ್ದೆ. ಸುಳ್ಳನ್ನು ಬಿಡುವುದಕ್ಕಿಂತ ಅದು ಸುಲಭವಾಗಿತ್ತು.

ಇಂಥ ನಾನು ಶಾರದಾಳಿಗೆ ಮೂರನೆಯ ಸಲ ದಿನ ತುಂಬಿದಾಗ ದೇವಿಗೆ ಹರಕೆ ಹೊತ್ತಿದ್ದೆ: ಹೆಣ್ಣಾದರೆ, ಉಳಿದರೆ, ನನ್ನ ಹೆಸರನ್ನೇ ಇಡಿಸುತ್ತೇನೆ, ತಿಪ್ಪವ್ವ ಎಂಬ ಹೆಸರು ಮನೆಯಲ್ಲಿ ಉಳಿಸುತ್ತೇನೆ. ಹೊತ್ತದ್ದು ನಾನು, ಹೊರಬೇಕಾದದ್ದು ಕೂಸು. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಊರಾಚೆಯ ಭೋಸರಿಯಲ್ಲಿ ಬಸವರಾಜನ ಖೋಲಿಗೆ ತಗಡಿನ ಮಾಡು, ಬಾಣಂತನಕ್ಕೆ ಆಗುವಂಥದಲ್ಲ. ಆದ್ದರಿಂದ ತಾಯಿ ಮಗಳನ್ನು ನಮ್ಮ ಮನೆಗೇ ಕರೆತರುವುದೆಂದಾಯಿತು. ಬರುವ ದಿನ, ಹೊಸ್ತಿಲು ದಾಟುವ ಮೊದಲೇ ಕೂಸನ್ನು ತಿಪ್ಪೆಯ ಮೇಲಿಟ್ಟು ಮಾರಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಸದಾಶಿವ ಪೇಠದಲ್ಲಿ ತಿಪ್ಪೆ ಎಲ್ಲಿಂದ ತರಲಿ? ಗಲ್ಲಿಯ ಕೊನೆಗೆ ಮುನ್ಸಿಪಾಲ್ಟಿಯ ಕಚರಾ ಡಬ್ಬಿ ಇತ್ತು. ಹೋಗಿ ಇಣುಕಿ ನೋಡಿದೆ. ಒಡೆದ ಕಪ್ಪು, ಹಿಂಡಿದ ನಿಂಬೆಹೋಳು, ಕ್ಲಾಸಿನ ಹುಡುಗರು ಹರಿದೆಸೆದ ಉತ್ತರಪತ್ರಿಕೆ. ಅದು ತಿಪ್ಪೆಯಲ್ಲ, ತಿಪ್ಪೆ ಎಂದರೆ ನಾಳೆ ಹೊಲಕ್ಕೆ ಹೋಗುವಂಥದ್ದು. ಕಡೆಗೆ ಹಿಂದಿನ ಗಲ್ಲಿಯ ಎಮ್ಮೆಯ ಗೋಠಾಕ್ಕೆ ಹೋಗಿ ಅರ್ಧ ಬಕೀಟು ಸಗಣಿ ಬೇಡಿಕೊಂಡು, ಮೇಲೆ ಅರಿವೆ ಮುಚ್ಚಿ, ವಾಡೆಯ ಅಂಗಳದ ಮೂಲೆಗೆ ತಂದೆ.

ಆ ಅಂಗಳ ಕಾಕೂನದು. ಕಾಕೂ ಮೇಲಿನ ಮಾಳಿಗೆಯಲ್ಲಿರುತ್ತಿದ್ದರು. ಸಂತರ ಪಾಲಖಿಯ ಹಿಂದೆ ವರ್ಷವೂ ಇಡೀ ದಿನದ ದಾರಿ, ಸಾಸವಡದವರೆಗೆ ನಡೆದುಹೋಗುವ ಗಟ್ಟಿ ಮುದುಕಿ. ವಾಡೆಯ ಗೋಡೆಗೆಲ್ಲ ಸುಣ್ಣದಿಂದ ಬರೆಸಿದ ಸೂಚನೆಗಳು: ಇಲ್ಲಿ ಸೈಕಲ್ ಒರಗಿಸಬಾರದು, ಮೆಟ್ಟಿಲ ಮೇಲೆ ಕೂತು ಮಾತಾಡಬಾರದು, ಒಂದೇ ಸಲ ಬಾಗಿಲು ಬಡಿದರೆ ಸಾಕು, ಮನೆಯಲ್ಲಿದ್ದರೆ ತೆರೆಯುತ್ತೇವೆ. ಸಗಣಿಯ ಬಗ್ಗೆ ಏನೂ ಬರೆಸಿರಲಿಲ್ಲ. ಅದು ಬರುತ್ತದೆಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ಕಾಕೂ ಆಡಿದ್ದೆಲ್ಲ ಮರಾಠಿ. ನನ್ನ ಮಾತಿನಲ್ಲೇ ಬರೆಯುತ್ತೇನೆ.

“ಸುನಂದಾ, ಬಕೀಟಿನ್ಯಾಗ ಏನದ?”

“ಸಗಣಿರಿ, ಕಾಕೂ.”

“ನನ್ನ ಅಂಗಳದಾಗ?”

ಅಳುದನಿಯಲ್ಲಿ ಎಲ್ಲ ಹೇಳಿದೆ. ಎರಡು ಕೂಸು ಹೋದದ್ದು, ಮೂರನೆಯದು ಇನ್ನೇನು ರಿಕ್ಷಾದಲ್ಲಿ ಬರುವುದು, ಮಾರುವುದು. ನನ್ನ ಹೆಸರೊಂದನ್ನು ಬಿಟ್ಟು. ಕಾಕೂ ಜಗುಲಿಯ ಮೇಲೆ ನಿಂತು ಕೇಳಿದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿದ್ದೆ. ಅವರು ಕೇಳಿದ್ದು ಇಷ್ಟೇ: “ಕೊಳ್ಳಾಕಿ ಯಾರು?”

“ಇನ್ನೂ ಯಾರನ್ನೂ ಕೇಳಿಲ್ಲರಿ.”

“ನನಗ ನಾಲ್ಕು ಮಕ್ಕಳು, ನಾಲ್ಕೂ ಅವ. ಬ್ಯಾರೆ ಗಿರಾಕಿ ಯಾಕ ಹುಡುಕ್ತಿ?” ಎಂದು ಮೇಲೆ ಹೋಗಿ, ಗೋದಿ ಹಿಟ್ಟು ಸೋಸಿಟ್ಟ ತೌಡನ್ನು ಪಾತ್ರೆಯಲ್ಲಿ ತಂದರು.

ರಿಕ್ಷಾ ಬಂತು. ಮೊದಲೇ ತಿಳಿಸಿದ್ದರಿಂದ ಶಾರದಾ ಸುಮ್ಮನೆ ಕೂಸನ್ನು ಕೊಟ್ಟಳು. ಜೋಳ ಹಸನು ಮಾಡುವ ನನ್ನ ಮೊರದಲ್ಲೇ ಅರಿವೆ ಹಾಸಿ ಕೂಸನ್ನು ಮಲಗಿಸಿ, ಸಗಣಿಯ ಗುಪ್ಪೆಗೆ ಮೊರ ಮುಟ್ಟಿಸಿ, ಕಾಕೂನ ಕೈಗೆ ಕೊಟ್ಟೆ. ಅವರು ಇನ್ನೊಂದು ಮೊರಕ್ಕೆ ತೌಡು ಸುರುವಿ ಅಂಗೈಯಿಂದ ಮಟ್ಟ ಮಾಡಿ, “ಪೂರಾ ಅದ, ನೋಡಿಕೋ. ಆಮ್ಯಾಲ ತಕರಾರು ನಡಿಯೂದಿಲ್ಲ” ಅಂದರು. ಕೂಸು ಅಷ್ಟು ಹೊತ್ತೂ ನಿದ್ದೆಯಲ್ಲಿತ್ತು. ತನ್ನನ್ನು ಮಾರಿದ್ದು ಅದಕ್ಕೆ ಗೊತ್ತಾಗಲಿಲ್ಲ. ನನಗೆ ಮಾತ್ರ ಮರುದಿನದಿಂದ ಚೆನ್ನಾಗಿ ಗೊತ್ತಾಯಿತು.

ನಮ್ಮೂರಿನಲ್ಲಿ ಕೊಂಡವರು ಕೂಸನ್ನು ಆಗಲೇ ತಿರುಗಿ ಕೊಟ್ಟು, “ಸಾಕಿಕೊಡವ್ವಾ” ಎಂದು ಹೇಳಿ ಮರೆತುಬಿಡುತ್ತಾರೆ. ಸದಾಶಿವ ಪೇಠದವರು ಕೊಂಡದ್ದನ್ನು ಮರೆಯುವವರಲ್ಲ. ಬೆಳಿಗ್ಗೆ ಏಳಕ್ಕೆ ಕಾಕೂ ಕೆಳಗಿಳಿದು ಬರುತ್ತಿದ್ದರು. “ನನ್ನ ಪೋರಿಗೆ ಸಾಬಾಣ ಹಚ್ಚಿದವರ್ಯಾರು? ಕಡಲಿಹಿಟ್ಟು ಹಚ್ಚರಿ.” “ನನ್ನ ಪೋರಿ ರಾತ್ರಿ ಮೂರು ಸಲ ಅತ್ತಳು, ನಾ ಮ್ಯಾಲೆ ಎಣಿಸೇನಿ.” “ಇಷ್ಟು ಸೆಕಿ ಕೊಟ್ರ ನನ್ನ ಪೋರಿ ಕಪ್ಪಾಗ್ತಾಳ.” ಬಾಣಂತಿ ಹೊದಿಕೆಯೊಳಗಿಂದ ಕಣ್ಣರಳಿಸಿ ನನ್ನನ್ನು ಕೇಳಿದಳು, “ಅಕ್ಕಾರ, ನಾವು ಖರೇನ ಮಾರೀವೇನ್ರಿ?”

ಎಂಟನೆಯ ದಿನ ಬಸವರಾಜ ಹೆಸರುಗಳ ಒಂದು ಪುಸ್ತಕ ಹಿಡಿದು ಬಂದ. ಸಾವಿರ ಹೆಸರು, ಎದುರಿಗೆ ಅರ್ಥ. ಕಟ್ಟೆಯ ಮೇಲೆ ಕೂತು ಪರೀಕ್ಷೆಗೆ ಓದುವವನಂತೆ ಓದತೊಡಗಿದ.

“ಅಪರ್ಣಾ. ತಪಸ್ಸಿಗೆ ಕೂತಾಗ ಎಲೆಯನ್ನೂ ತಿನ್ನದವಳು.”

“ಹಾಲ ಕುಡಿಸೂದ್ರಾಗ ಸಾಕಾಗೇದ. ಇನ್ನ ಎಲಿನೂ ಬಿಟ್ರ ಹ್ಯಾಂಗ? ಮುಂದಿಂದ ಓದ್ರಿ,” ಎಂದಳು ಶಾರದಾ.

“ಅನಾಮಿಕಾ. ಹೆಸರಿಲ್ಲದವಳು.”

“ಅದನ್ನ ಇಡಲಿಕ್ಕೆ ಈ ಪುಸ್ತಕ ಯಾಕ ಬೇಕಿತ್ತು?” ಎಂದೆ ನಾನು. ಆದರೆ ಶಾರದಾ ನಗಲಿಲ್ಲ. ಸ್ವಲ್ಪ ಹೊತ್ತು ಗೋಡೆ ನೋಡಿದಳು. ಹೆಸರಿಲ್ಲದೆ ಹೋದ ಎರಡರ ನೆನಪಾಗಿರಬೇಕು. ಆಡಿದ ಮೇಲೆ ನನಗೂ ಆಯಿತು. ಮಾತು ಬದಲಿಸಲು ಹೋಗಿ ಇನ್ನೂ ಕೆಟ್ಟ ಕಡೆ ಕಾಲಿಟ್ಟೆ. “ಪುಸ್ತಕ ಯಾಕ? ನಮ್ಮ ಪದ್ಧತಿ ಅದ ಅಲ್ಲ. ತಿಪ್ಪವ್ವ ಅಂತ ಇಡೋಣು. ನಾ ಬೇಡಿಕೊಂಡೇನಿ,” ಎಂದೆ.

ಬಸವರಾಜ ಪುಸ್ತಕ ಮುಚ್ಚಿ ನೆಲ ನೋಡಿದ. ಅವನಿಗೆ ನನ್ನ ಹೆಸರು ಗೊತ್ತು. ನನ್ನ ಮದುವೆಯಾದ ಎಷ್ಟೋ ವರ್ಷದ ಮೇಲೆ ಬಂದ ಶಾರದಾಳಿಗೆ ಗೊತ್ತಿಲ್ಲ. ಹೇಳಬೇಡವೆಂದು ನಾನೇ ಅವನಿಂದ ಆಣೆ ಮಾಡಿಸಿದ್ದೆ.

“ಮಾರೂದಕ್ಕ ನಾ ಒಲ್ಲೆ ಅಂದೇನೇನ್ರಿ, ಅಕ್ಕಾರ?” ಶಾರದಾಳ ದನಿ ಏರಲಿಲ್ಲ. “ಸಗಣಿ ಮ್ಯಾಲಿಟ್ರಿ, ಸುಮ್ಮನಿದ್ದೆ. ಹೆಸರು ಮಾತ್ರ ನಂದು. ಪಲ್ಲವಿ ಅಂತ ಇಟ್ಕೊಂಡೇನಿ. ಚಿಗುರು ಅಂತ ಅರ್ಥ. ಮೊದಲನೇದು ಹೊಟ್ಟ್ಯಾಗಿದ್ದಾಗಿಂದ ಇಟ್ಕೊಂಡೇನಿ. ಕರೀಲಿಕ್ಕೆ ಯಾರೂ ಉಳೀಲಿಲ್ಲ.” ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ತಿಪ್ಪಿ ಹೆಸರಿನವರು ಯಾರರ ಮರ್ಯಾದಿಯಿಂದ ಬಾಳಿದ್ದು ನೀವು ನೋಡೀರೇನು?”

ಉತ್ತರ ಅವಳ ಎದುರಿಗೇ ಮೆಂತ್ಯದ ಉಂಡಿ ಕಟ್ಟುತ್ತ ಕೂತಿತ್ತು. “ನೋಡೇನಿ” ಎನ್ನಬೇಕಾಗಿತ್ತು. ನಾನು ಒಂದು ಉಂಡಿ ಕಟ್ಟಿ ತಾಟಿನಲ್ಲಿಟ್ಟು, “ಹಾಲು ಉಕ್ಕತದ” ಎಂದು ಎದ್ದುಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಎಮ್ಮೆಯ ಸಗಣಿ ಹೊತ್ತು ಗಲ್ಲಿ ದಾಟಲು ನಾಚದ ನಾನು ಮೂರಕ್ಷರ ಹೇಳಲು ನಾಚಿದೆ.

ಹನ್ನೆರಡನೆಯ ದಿನ ಸಂಜೆ ಕಾಕೂ ಬಂದು ಬಾಣಂತಿಯ ಮಂಚದ ಪಕ್ಕ ಕೂತರು. ಮರುದಿನ ತೊಟ್ಟಿಲು. ಹೆಸರು ಯಾವುದೆಂದು ಕೇಳಿದರು. ಎರಡೂ ಹೇಳಿದೆವು: ಅವಳದು, ನನ್ನ ಹರಕೆಯದು. ತಿಪ್ಪವ್ವ ಎಂದರೆ ಏನೆಂದು ನಾನು ಮರಾಠಿಯಲ್ಲಿ ಬಿಡಿಸಿ ಹೇಳಿದೆ. ಕಾಕೂ ನಗಲಿಲ್ಲ.

“ನಮ್ಮಲ್ಲಿ ಧೋಂಡೀ ಅಂತ ಇಡ್ತಾರ. ಕಲ್ಲು. ನನ್ನ ಅಕ್ಕಗ ಹಂಗ ಇಟ್ಟಿದ್ರು. ಮದುವ್ಯಾಗ ಅಕ್ಕಿ ಮ್ಯಾಲ ಸರಸ್ವತಿ ಅಂತ ಬರದ್ರು. ಮುಂದ ಐವತ್ತು ವರ್ಷ ಸರಸ್ವತಿ. ಕಡೀ ದಿನ ಮಗ, ಸೊಸಿ, ಡಾಕ್ಟರ್ ಎಲ್ಲಾರೂ ಸರಸ್ವತಿಬಾಯಿ ಸರಸ್ವತಿಬಾಯಿ ಅಂತ ಕರದ್ರು. ಕಣ್ಣು ತಗೀಲಿಲ್ಲ. ನಾ ಹೋಗಿ, ಧೋಂಡೇ ಅಂದೆ. ತಗದ್ಲು.” ಕಾಕೂ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಈಗ ನೀ ಹೇಳು. ನನಗ ಲೀಲಾವತಿ ಅಂದಿ. ನಳದ ಕಡೆ ಪದ್ಮಾವತಿ ಅಂದಿ. ನಿನಗ ತವರುಮನಿ ಒಂದ ಅದನೋ, ಎರಡ ಅವನೋ?”

ಇಷ್ಟು ವರ್ಷ ಅವರಿಗೆ ಗೊತ್ತಿತ್ತು! ಪ್ರತಿ ಮಂಗಳವಾರ ನಾನು ದೇವಿಯ ಹತ್ತಿರ ಕೇಳಿದ ಕ್ಷಮೆಯನ್ನು ಕಾಕೂನ ಹತ್ತಿರ ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಮಂಚದ ಕಡೆ ನೋಡದೆ ಹೇಳಿದೆ, “ತಿಪ್ಪವ್ವ, ಕಾಕೂ. ನನ್ನ ಹೆಸರು ತಿಪ್ಪವ್ವ. ನನ್ನೂ ಒಂದು ಮೊರ ತೌಡಿಗೆ ಮಾರಿದ್ರು.”

ಹೇಳಿದ್ದು ಮರಾಠಿಯಲ್ಲಿ, ಆದರೂ ಹೆಸರಿಗೆ ಯಾವ ಭಾಷೆ? ಶಾರದಾ ಎದ್ದು ಕೂತಳು. ಕಾಕೂ ಮೇಲೆ ಹೋದ ಮೇಲೆ ನನ್ನ ಮೊಣಕೈ ಹಿಡಿದು, “ಅಕ್ಕಾರ, ಅವತ್ತು ನಾ ಕೇಳಿದ್ದಕ್ಕ ನೀವು ಯಾಕ ಸುಮ್ಮನ ಎದ್ದುಹೋದ್ರಿ? ನೋಡೇನಿ ಅನ್ನಬೇಕಿಲ್ಲೇನು?” ಎಂದಳು. ಅವಳು ಅಳುತ್ತಿದ್ದಳು, ಬಾಣಂತಿ ಅಳಬಾರದೆಂದು ನಾನು ಗದರಿಸಿದೆ. “ಕಿವ್ಯಾಗ ನಿಮ್ಮದ ಹೇಳ್ರಿ,” ಎಂದಳು ಕಡೆಗೆ. “ಕರಿಯಾಕ ಪಲ್ಲವಿ ಇರಲಿ. ಕಿವ್ಯಾಗ ನಿಮ್ಮ ಹೆಸರಿರಲಿ. ನಿಮ್ಮಂಗ ಬಾಳಲಿ.”

ಮರುದಿನ ನಳದ ಹೆಂಗಸರೂ ಬಂದರು. ತೊಟ್ಟಿಲಿಗೆ ಸೇವಂತಿಗೆಯ ಸರ, ತಾಟಿನಲ್ಲಿ ಗುಗ್ಗರಿ. ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರಬೇಕು. ಆಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಏಕೆ ಗುದ್ದುತ್ತಾರೋ ಯಾರಿಗೂ ಗೊತ್ತಿಲ್ಲ. ಗುದ್ದು ಮಾತ್ರ ಯಾರೂ ಬಿಡುವುದಿಲ್ಲ. ನಾನು ಸೆರಗು ಬಿಗಿದು ಬಗ್ಗಿದೆ. ಬಯಸಿದ್ದು ಕೈಗೆ ಬಂದಿತ್ತು. ಹರಕೆ ತೀರುತ್ತದೆ, ತಾಯಿಯ ಒಪ್ಪಿಗೆಯೂ ಇದೆ. ಕಿವಿ ಎಷ್ಟು ಸಣ್ಣದಿತ್ತೆಂದರೆ ಹುರಿದ ಕಡಲೆಬೇಳೆಯ ಹಾಗೆ, ಅದರ ಮೇಲೆ ಬಂಗಾರದಂಥ ರೋಮ. ಕುರ್ರ್ ಎಂದೆ. ಬಾಯಿ ತೆರೆದೆ. “ಪಲ್ಲವಿ” ಎಂದೆ.

ಏಕೆಂದು ಈಗಲೂ ಹೇಳಲಾರೆ. ಯೋಚಿಸಲು ಪುರುಸೊತ್ತೂ ಇರಲಿಲ್ಲ, ಬೆನ್ನ ಮೇಲೆ ಗುದ್ದುಗಳು ಬೀಳತೊಡಗಿದ್ದವು. ಎಲ್ಲಕ್ಕೂ ಜೋರಾದದ್ದು ಕಾಕೂನದು. ಕೂಸು ತಮ್ಮದೆಂಬ ಹಕ್ಕಿನ ಗುದ್ದು. ಬಗ್ಗಿದಲ್ಲೇ ದೇವಿಗೆ ಹೇಳಿಕೊಂಡೆ: ತಾಯಿ, ಆ ಹೆಸರು ಮನೆಯಲ್ಲಿ ಉಳಿಯಬೇಕು ಎಂದು ತಾನೇ ನಾನು ಹೊತ್ತದ್ದು? ಉಳಿಯುತ್ತದೆ. ನಾನೇ ಇಟ್ಟುಕೊಳ್ಳುತ್ತೇನೆ. ಕೂಸನ್ನು ನೀನು ಉಳಿಸು.

ಪಲ್ಲವಿ ಈಗ ಐದನೆಯ ಇಯತ್ತೆಯಲ್ಲಿದ್ದಾಳೆ. ಅವಳ ಬೆನ್ನಿಗೆ ಬಂದ ತಮ್ಮನೂ ಗುಂಡುಕಲ್ಲಿನ ಹಾಗಿದ್ದಾನೆ. ಆದರೆ ಕಿವಿಯ ಸಂಗತಿಯನ್ನು ನಾನು ಶಾರದಾಳಿಗೆ ಹೇಳಿಲ್ಲ. ಹುಡುಗಿಗೆ ಮೂರು ವರ್ಷವಾದಾಗ ಗೋವರದ ಗುಳ್ಳೆ ಎದ್ದು ಮೈ ಕೆಂಡವಾಗಿತ್ತು. ನಾನು ದೇವರ ಮುಂದಿನಿಂದ ಏಳದೆ ಕೂತಿದ್ದರೆ, ಶಾರದಾ ಬೇವಿನ ಸೊಪ್ಪು ಬೀಸುತ್ತ ನನಗೇ ಧೈರ್ಯ ಹೇಳುತ್ತಿದ್ದಳು: “ಅಕ್ಕಾರ, ಕಿವ್ಯಾಗ ನಿಮ್ಮ ಹೆಸರು ಅದ. ಏನೂ ಆಗೂದಿಲ್ಲ.” ಏನೂ ಆಗಲಿಲ್ಲ. ಹುಡುಗಿ ಹಟ ಮಾಡಿದರೂ “ಕಿವಿ ಹೆಸರಿನ ಗುಣ” ಎಂದು ನನ್ನ ಕಡೆ ನೋಡಿ ನಗುತ್ತಾಳೆ. ಎರಡು ಸುಳ್ಳು ಬಿಟ್ಟು ಒಂದು ಸುಳ್ಳಿಗೆ ಇಳಿದಿದ್ದೇನೆ. ಮಂಗಳವಾರ ಕೂಡುವುದು ನಿಂತಿಲ್ಲ.

ತೊಟ್ಟಿಲಿನ ದಿನ ಹೆಂಗಸರೆಲ್ಲ ಗುಗ್ಗರಿ ಕಟ್ಟಿಕೊಂಡು ಹೋದ ಮೇಲೆ ಬೆನ್ನು ಸವರಿಕೊಳ್ಳುತ್ತ ಹೊಸ್ತಿಲಲ್ಲಿ ಕೂತೆ. ಮೇಲಿನ ಮಾಳಿಗೆಯಿಂದ ಕಾಕೂ ಇಡೀ ವಾಡೆಗೆ ಕೇಳುವಂತೆ ಕೂಗಿದರು: “ತಿಪ್ಪವ್ವಾ! ಏ ತಿಪ್ಪವ್ವಾ! ನನ್ನ ಪೋರಿ ಮಲಗಿದಳೇನು?” ನಳದ ಹತ್ತಿರ ಕೊಡಗಳ ಸದ್ದು ನಿಂತಿತು. ಯಾರನ್ನು ಕರೆಯುತ್ತಿದ್ದಾರೆಂದು ಎಲ್ಲರೂ ಕತ್ತೆತ್ತಿ ನೋಡಿದರು. ದೇವಿ ಇಷ್ಟು ಬೇಗ ಲೆಕ್ಕ ಕೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ.

“ಓ!” ಎಂದೆ. “ಮಲಗ್ಯಾಳರಿ, ಕಾಕೂ.”

ಆಮೇಲೆ ಒಳಗೆ ಹೋಗಿ ಮೊರದ ಅರಿವೆ ತೆಗೆದು ಝಾಡಿಸಿದೆ. ಹದಿಮೂರು ದಿನದಿಂದ ಕಲ್ಲು ಕಾಳು ಬೆರೆತು ಕೂತಿದ್ದ ಜೋಳವನ್ನು ಡಬ್ಬಿಯಿಂದ ಸುರುವಿಕೊಂಡು, ಮೊದಲ ಕಲ್ಲಿಗೆ ಕೈ ಹಾಕಿದೆ.